ನೂರ ಹದಿನೇಳು ಮರದ ಗಾಳಿ

ಗಂಡಸಿಯ ಬಸ್ ನಿಲ್ದಾಣದಲ್ಲಿ ಇಳಿದು 'ಹೊನ್ನಬಾವಿ ಷಡಕ್ಷರಪ್ಪನವರ ಮನೆ ಎಲ್ಲಿ' ಎಂದು ಕೇಳಿದರೆ ಯಾರೂ ಹೇಳುವುದಿಲ್ಲ. 'ಮುನ್ನೂರು ಮರದವರ ಮನೆ' ಎಂದರೆ ಮೂರು ಜನ ಒಟ್ಟಿಗೆ ಕೈ ತೋರಿಸುತ್ತಾರೆ. ಷಡಕ್ಷರಪ್ಪನವರ ಅಜ್ಜ ಒಂದೇ ಮಳೆಗಾಲದಲ್ಲಿ ಮುನ್ನೂರು ತೆಂಗಿನ ಸಸಿ ನೆಟ್ಟಿದ್ದರಂತೆ. ಅಂದಿನಿಂದ ಮನೆತನಕ್ಕೆ ಅದೇ ಹೆಸರು. ಮದುವೆಯ ಲಗ್ನಪತ್ರಿಕೆಯಲ್ಲಿ ಅದೇ, ಮಠದ ದಾಸೋಹದ ಪಟ್ಟಿಯಲ್ಲಿ ಅದೇ, ಕರೆಂಟು ಬಿಲ್ಲು ಹರಿದುಕೊಡುವವನ ಬಾಯಲ್ಲೂ ಅದೇ.

ಆಮೇಲೆ ಅಜ್ಜ ಹೋದರು. ತೋಟಕ್ಕೆ ನುಸಿ ಬಂತು, ಕಾಂಡ ಸೋರುವ ರೋಗ ಬಂತು, ಎರಡು ಸಲ ಸಿಡಿಲು ಬಡಿಯಿತು, ಒಮ್ಮೆ ರಸ್ತೆ ಅಗಲ ಮಾಡುವವರು ಬಂದು ಒಂದು ಸಾಲನ್ನೇ ತೆಗೆದುಕೊಂಡು ಹೋದರು. ಹೀಗೆ ಮರಗಳು ಒಂದೊಂದಾಗಿ ಸದ್ದಿಲ್ಲದೆ ನಿವೃತ್ತಿ ಪಡೆದವು. ಹೆಸರು ಮಾತ್ರ ಕೆಲಸದಲ್ಲೇ ಮುಂದುವರಿಯಿತು. ಷಡಕ್ಷರಪ್ಪನವರು ಸುಳ್ಳುಗಾರರಲ್ಲ. ಅವರು ತೋಟವನ್ನು ಒಂದು ದಿನವೂ ಎಣಿಸಿದವರಲ್ಲ, ಅಷ್ಟೇ. ಎಣಿಸದವನಿಗೆ ಲೆಕ್ಕ ತಪ್ಪುವ ಭಯವಿಲ್ಲ ಎಂಬುದನ್ನು ಅವರು ಬಹಳ ಹಿಂದೆಯೇ ಕಂಡುಕೊಂಡಿದ್ದರು.

ಅವರಿಗೆ ಒಬ್ಬಳೇ ಮಗಳು, ಶಿಲ್ಪಾ. ಬಾಣಾವರದ ಶಾಲೆಯೊಂದರಲ್ಲಿ ಗಣಿತದ ಟೀಚರು. ಬಂದ ಗಂಡುಗಳಲ್ಲಿ ಐದು ಜನರನ್ನು 'ಬೇಡ' ಎಂಬ ಒಂದೇ ಮಾತಿನಲ್ಲಿ ಕಳಿಸಿದವಳು, ಆರನೆಯವನಾದ ಅರೇಹಳ್ಳಿಯ ಇಂದ್ರೇಶನಿಗೆ ಮಾತ್ರ 'ಆಗಬಹುದು' ಎಂದಳು. ಅವಳ ಬಾಯಲ್ಲಿ 'ಆಗಬಹುದು' ಎಂದರೆ ಬೇರೆಯವರು ವಾಲಗ ಊದಿಸಿದ ಹಾಗೆ. ಷಡಕ್ಷರಪ್ಪನವರಿಗೆ ಅಂದು ಎಷ್ಟು ಸಂತೋಷವಾಯಿತೆಂದರೆ ಊಟದಲ್ಲಿ ಉಪ್ಪಿಲ್ಲದ್ದೂ ತಿಳಿಯಲಿಲ್ಲ.

ಹೆಣ್ಣು ನೋಡುವ ಶಾಸ್ತ್ರ ಎರಡೂ ಊರಿಗೆ ನಡುವೆಯಾಗುತ್ತದೆಂದು ಹಳೇಬೀಡಿನ ನೆಂಟರ ಮನೆಯಲ್ಲಿ ನಡೆಯಿತು. ಹುಡುಗನ ತಂದೆ ಗಂಗಾಧರಪ್ಪನವರು ಲೆಕ್ಕದ ಮನುಷ್ಯ. ತಟ್ಟೆಯಲ್ಲಿ ಎಷ್ಟು ಚಕ್ಕುಲಿ ಇವೆ ಎಂದು ಎಣಿಸಿಕೊಂಡೇ ಮೊದಲನೆಯದಕ್ಕೆ ಕೈ ಹಾಕುತ್ತಿದ್ದರು.

"ನಮ್ಮದು ಇಪ್ಪತ್ತು ಎಕರೆ ಕಾಫಿ" ಎಂದರು ಅವರು.

"ನಮ್ಮದು ಮುನ್ನೂರು ಮರ" ಎಂದರು ಷಡಕ್ಷರಪ್ಪನವರು.

ಎರಡೂ ಕಡೆಯವರು ತೃಪ್ತಿಯಿಂದ ತಲೆಯಾಡಿಸಿದರು. ಬರುವ ಭಾನುವಾರ ಹುಡುಗನ ಕಡೆಯವರು ಹೊನ್ನಬಾವಿಗೆ ಬಂದು ಮನೆ ನೋಡುವುದು, ಎಲ್ಲ ಸರಿಯಿದ್ದರೆ ಅಲ್ಲೇ ನಿಶ್ಚಿತಾರ್ಥದ ದಿನ ಗೊತ್ತುಮಾಡುವುದು ಎಂದಾಯಿತು.

ಆ ಭಾನುವಾರಕ್ಕೆ ಮೂರು ದಿನ ಮುಂಚೆ, ಏಪ್ರಿಲ್ ತಿಂಗಳ ಗುರುವಾರ ಮಧ್ಯಾಹ್ನ, ಹೆಂಡತಿ ಗುರುಸಿದ್ದಮ್ಮ ಫೋನು ಹಿಡಿದುಕೊಂಡು ಅಂಗಳಕ್ಕೆ ಬಂದರು.

"ರೀ, ಮೆಸೇಜು ಬಂದೈತೆ. ನಮ್ಮ ಹೋಬಳೀಲಿ ನಾಕು ಗಂಟೆಗೆ ಗಾಳಿ ಮಳೆಯಂತೆ. ಕೊಬ್ಬರಿ ಒಳಗೆ ಹಾಕ್ಸಿ."

"ಯಾರು ಕಳ್ಸಿದ್ದು?"

"ಉಪಗ್ರಹ ನೋಡಿ ಹೇಳ್ತಾರಂತೆ."

ಷಡಕ್ಷರಪ್ಪನವರು ಆಕಾಶ ನೋಡಿದರು. ಅದು ತೊಳೆದಿಟ್ಟ ತಟ್ಟೆಯ ಹಾಗೆ ಶುಭ್ರವಾಗಿತ್ತು. "ಮೇಲೆ ಎಲ್ಲೋ ಸುತ್ತೋ ಡಬ್ಬಕ್ಕೆ ನಮ್ಮ ತೋಟ ಕಾಣ್ತದೇನೇ?" ಎಂದರು. ಈ ಪ್ರಶ್ನೆಗೆ ಉತ್ತರ ಎರಡು ವಾರ ಬಿಟ್ಟು ಮನೆಬಾಗಿಲಿಗೇ ಬರಲಿತ್ತು. ಗುರುಸಿದ್ದಮ್ಮ ಗಂಡನ ಮಾತು ಬಿಟ್ಟು ಉಪಗ್ರಹದ ಮಾತು ಕೇಳಿ ಕೊಬ್ಬರಿಯನ್ನೆಲ್ಲ ಒಳಗೆ ಹಾಕಿಸಿದರು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಗಾಳಿ ಬಂತು. ಅರ್ಧ ಗಂಟೆ ಬೀಸಿ ಷಡಕ್ಷರಪ್ಪನವರ ತೋಟದಲ್ಲಿ ಮೂರು ಮರ ಉರುಳಿಸಿ, ಪಕ್ಕದ ಚನ್ನೇಶನ ಕೊಟ್ಟಿಗೆಯ ಎರಡು ತಗಡು ಹಾರಿಸಿ, ಬೇರೆ ಕೆಲಸವಿದ್ದಂತೆ ಬಾಣಾವರದ ಕಡೆ ಹೋಯಿತು.

ಭಾನುವಾರ ಗಂಗಾಧರಪ್ಪನವರು ಬಂದರು. ಮನೆ ನೋಡಿದರು, ಕಂಬ ಎಣಿಸಿದರು, ಹೋಳಿಗೆ ತಿಂದರು. ಆಮೇಲೆ ಕೈ ಒರೆಸಿಕೊಂಡು "ತೋಟಕ್ಕೆ ಒಂದು ಸುತ್ತು ಹಾಕ್ಕೊಂಡು ಬರೋಣ" ಎಂದರು. ಷಡಕ್ಷರಪ್ಪನವರು ಜೊತೆಗೆ ಹೊರಟರು. ಮಾವಿನ ಗಿಡದ ಹತ್ತಿರ ಹೋಗುವಾಗ ಬೀಗರ ತುಟಿ ಅಲ್ಲಾಡುತ್ತಿರುವುದು ಕಾಣಿಸಿತು. ಶಿವನಾಮ ಹೇಳುತ್ತಿದ್ದಾರೆ ಎಂದುಕೊಂಡರು. ಕೊನೆಯ ಸಾಲು ಮುಗಿದಾಗ ಗಂಗಾಧರಪ್ಪನವರು ನಿಂತರು.

"ನೂರ ಎಂಬತ್ತಮೂರು" ಎಂದರು.

"ಏನು?"

"ಮರ. ನೂರ ಎಂಬತ್ತಮೂರು ಇದಾವೆ. ಮುನ್ನೂರು ಅಂದಿದ್ರಿ."

ಷಡಕ್ಷರಪ್ಪನವರಿಗೆ ಮಗಳ 'ಆಗಬಹುದು' ಕಣ್ಣ ಮುಂದೆ ಬಂತು. ಅಜ್ಜ, ನುಸಿ, ಸಿಡಿಲು, ರಸ್ತೆ ಅಗಲೀಕರಣ ಎಲ್ಲವನ್ನೂ ವಿವರಿಸಬಹುದಿತ್ತು. ಆದರೆ ವಿವರಣೆ ಉದ್ದವಾಗಿತ್ತು, ಸುಳ್ಳು ಹತ್ತಿರದಲ್ಲೇ ಬಿದ್ದಿತ್ತು. ಉರುಳಿದ ಮೂರು ಮರಗಳಲ್ಲಿ ಒಂದು ಕಾಲ ಬುಡದಲ್ಲೇ ಇತ್ತು.

"ಮೊನ್ನೆ ಗಾಳಿ ಬಂತಲ್ಲ ಬೀಗರೇ" ಎಂದರು. "ಅದಕ್ಕೆ ಹೋದ್ವು."

ಗಂಗಾಧರಪ್ಪನವರು ಮನಸ್ಸಿನಲ್ಲೇ ಕಳೆದರು. "ನೂರ ಹದಿನೇಳು ಮರ?"

"ಹ್ಞೂಂ."

"ಬಿದ್ದ ಮರ ಎಲ್ಲಿ? ಮೂರೇ ಕಾಣ್ತವೆ."

"ಸಾಗಿಸಿಬಿಟ್ವಿ. ಗುಂಡಿನೂ ಮುಚ್ಚಿಸಿದ್ವಿ. ಮನೆಗೆ ದೊಡ್ಡವರು ಬರ್ತಾರೆ ಅಂತ."

ಗಂಗಾಧರಪ್ಪನವರು ಬಿದ್ದ ಮರಕ್ಕೆ ಒಂದು ಸುತ್ತು ಹಾಕಿ, ನೆಲವನ್ನು ಕಾಲಿನಿಂದ ಒತ್ತಿ ನೋಡಿದರು. ಷಡಕ್ಷರಪ್ಪನವರು ಸಂಬಂಧ ಮುಗಿಯಿತೆಂದೇ ತಿಳಿದರು. ಆದರೆ ಬೀಗರು ಮುಂದೆ ಬಂದು ಅವರ ಎರಡೂ ಕೈ ಹಿಡಿದುಕೊಂಡರು.

"ಮೂರು ದಿನಕ್ಕೆ ನೂರ ಹದಿನಾಲ್ಕು ಮರ ಸಾಗಿಸಿ, ಗುಂಡಿ ಮುಚ್ಚಿಸಿ, ಮೇಲೆ ಹೋಳಿಗೆ ಬೇರೆ ಮಾಡ್ಸಿದೀರಿ. ಇಂಥ ಗಟ್ಟಿ ಜನ ನಮಗೆ ಸಿಕ್ಕಿದ್ದೇ ಪುಣ್ಯ. ಈಗ ದಿನ ಗೊತ್ತು ಮಾಡೋದು ಬೇಡ. ನಿಮ್ಮ ಸಂಕಟ ಒಂಚೂರು ತಣ್ಣಗಾಗಲಿ, ನಾನೇ ಮತ್ತೆ ಬರ್ತೀನಿ."

ಬೇಲಿಯಾಚೆ ತಗಡು ಹುಡುಕುತ್ತಿದ್ದ ಚನ್ನೇಶ ಇದನ್ನೆಲ್ಲ ಕೇಳಿಸಿಕೊಂಡ. ಚನ್ನೇಶ ಒಳ್ಳೆಯ ಮನುಷ್ಯ. ಕಷ್ಟದಲ್ಲಿರುವ ನೆರೆಯವರ ಸುದ್ದಿಯನ್ನು ತನ್ನಲ್ಲೇ ಇಟ್ಟುಕೊಳ್ಳುವಷ್ಟು ಸಣ್ಣ ಬುದ್ಧಿ ಅವನದಲ್ಲ. ಪಕ್ಕದ ತೋಟದಲ್ಲಿ ನೂರ ಹದಿನೇಳು ಮರ ಬಿದ್ದದ್ದು ತನಗೆ ಹೇಗೆ ಕಾಣಿಸಲಿಲ್ಲ ಎಂಬ ಅನುಮಾನ ಒಂದು ಗಳಿಗೆ ಬಂದದ್ದೇನೋ ನಿಜ. ಆದರೆ ಅವನು ತಗಡಿನ ಚಿಂತೆಯಲ್ಲಿದ್ದ. ಸಂಜೆಯೊಳಗೆ ಸುದ್ದಿ ಗಂಡಸಿಗೆ ಹೋಗಿ, ಅಲ್ಲಿಂದ ಬಸ್ಸು ಹತ್ತಿ ಅರಸೀಕೆರೆ ಮುಟ್ಟಿತು.

ಮಾರನೆಯ ದಿನದಿಂದ ನೆಂಟರು ಬರತೊಡಗಿದರು. ಸಾವಿನ ಮನೆಗೆ ಬಂದವರ ಹಾಗೆ ಚಪ್ಪಲಿ ದೂರ ಬಿಟ್ಟು, ಬಾಳೆಹಣ್ಣು ಜಗಲಿಯ ಮೇಲಿಟ್ಟು, ಮಾತಿಲ್ಲದೆ ಕೂರುತ್ತಿದ್ದರು. ಬೇಲೂರಿನಿಂದ ಬಂದ ಸೋದರತ್ತೆ ತೋಟದ ಕಡೆ ನೋಡಿ, "ಹೆಂಗಿತ್ತು, ಹೆಂಗಾಯ್ತು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ತೋಟ ಇಪ್ಪತ್ತು ವರ್ಷದಿಂದ ಹೆಚ್ಚುಕಡಿಮೆ ಹಾಗೆಯೇ ಇತ್ತು. ಗುರುಸಿದ್ದಮ್ಮ ಕಾಫಿ ಮಾಡಿ ಮಾಡಿ ಸುಸ್ತಾದರು.

"ಇನ್ನೂ ಎಷ್ಟು ದಿನ ಸಂತಾಪ?" ಎಂದು ಕೇಳಿದರು ಗಂಡನನ್ನು.

"ಹನ್ನೊಂದು ದಿನಕ್ಕೆ ಮುಗೀತದೆ" ಎಂದರು ಷಡಕ್ಷರಪ್ಪನವರು ನಂಬಿಕೆಯಿಲ್ಲದ ದನಿಯಲ್ಲಿ.

ಮನೆಯವರನ್ನು ಬಿಟ್ಟರೆ ನಿಜ ಗೊತ್ತಿದ್ದವನು ಒಬ್ಬನೇ, ತೆಂಗಿನಕಾಯಿ ಕೀಳುವ ತಿಮ್ಮಯ್ಯ. ಮರಕ್ಕಿಷ್ಟು ಎಂದು ಕೂಲಿ ಪಡೆಯುವವನಾದ್ದರಿಂದ ಊರಿನ ಎಲ್ಲ ತೋಟಗಳ ಎಣಿಕೆ ಅವನ ಕಾಲಿನಲ್ಲಿತ್ತು. ಜನ ಅವನಿಗೂ ಸಮಾಧಾನ ಹೇಳಿದರು. "ನೂರ ಹದಿನೇಳು ಮರದ ಕೂಲಿ ಹೋಯ್ತಲ್ಲೋ ತಿಮ್ಮಯ್ಯ."

"ನಾನು ಹತ್ತದ ಮರ ಬಿದ್ರೆ ನಂಗೇನು ಲುಕ್ಸಾನು" ಎಂದ ತಿಮ್ಮಯ್ಯ. ದುಃಖದಲ್ಲಿ ಏನೋ ಹೇಳುತ್ತಿದ್ದಾನೆ ಎಂದು ಜನ ಅವನ ಬೆನ್ನು ತಟ್ಟಿದರು.

ಬುಧವಾರ ಗ್ರಾಮ ಆಡಳಿತಾಧಿಕಾರಿ ಶಿವಪ್ರಕಾಶ ಬೈಕಿನಲ್ಲಿ ಬಂದ. ಊರಿನ ಹಿರಿಯರ ಬಾಯಲ್ಲಿ ಅವನು ಈಗಲೂ ಶಾನುಭೋಗರೇ. ಪಾಪ, ಅವನ ಕಷ್ಟವೇ ಬೇರೆ. ಗಾಳಿಯ ನಷ್ಟ ಎಷ್ಟು ಎಂದು ಮೇಲಿನವರು ದಿನಕ್ಕೆ ಮೂರು ಸಲ ಕೇಳುತ್ತಿದ್ದರು. 'ಇಲ್ಲ' ಎಂದು ಬರೆದರೆ ಯಾಕೆ ಇಲ್ಲ ಎಂದು ವಿವರಣೆ ಕೊಡಬೇಕಿತ್ತು. ಇಷ್ಟು ದಿನ ಅವನ ಕೈಯಲ್ಲಿ ಚನ್ನೇಶನ ಎರಡು ತಗಡು ಮಾತ್ರ ಇದ್ದವು.

"ಯಜಮಾನ್ರೇ, ನೂರ ಹದಿನೇಳು ಅಲ್ವಾ?" ಎಂದು ಫೋನು ತೆಗೆದ.

"ಅದು ಬೇಡ ಬಿಡಪ್ಪ. ನನಗೆ ಪರಿಹಾರ ಗಿರಿಹಾರ ಏನೂ ಬೇಡ" ಎಂದರು ಷಡಕ್ಷರಪ್ಪನವರು ಗಾಬರಿಯಿಂದ.

ಶಿವಪ್ರಕಾಶನ ಕಣ್ಣು ತುಂಬಿ ಬಂತು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಬೇಡ ಎಂದವರನ್ನು ಅವನು ಕಂಡಿರಲಿಲ್ಲ. "ನಿಮ್ಮಂಥವರಿಗೇ ಸಿಗಬೇಕು ಯಜಮಾನ್ರೇ" ಎಂದವನೇ ಅಲ್ಲೇ ನಿಂತು ಅಂಕಿ ಒತ್ತಿ ಮೇಲಿನವರಿಗೆ ಕಳಿಸಿಬಿಟ್ಟ.

ಬೇಡ ಎಂದ ಸುದ್ದಿ ಮಠಕ್ಕೆ ಹೋಯಿತು. ಶನಿವಾರ ಬೆಳಿಗ್ಗೆ ಮಠದ ಟ್ರ್ಯಾಕ್ಟರು ಬಂದು ಮನೆ ಮುಂದೆ ನೂರ ಹದಿನೇಳು ತೆಂಗಿನ ಸಸಿ ಇಳಿಸಿ ಹೋಯಿತು. ಸ್ವಾಮಿಗಳು ಎಣಿಸಿಯೇ ಕಳಿಸಿದ್ದರು. ಸಸಿಗಳ ನಡುವೆ ಬಾಗಿಲು ಹುಡುಕಿಕೊಂಡು ಒಳಗೆ ಹೋಗುವ ಸ್ಥಿತಿ ಬಂತು. ಅಂದು ಶಿಲ್ಪಾ ಶಾಲೆಯಿಂದ ಬಂದವಳು ಸಸಿಗಳನ್ನು ನೋಡಿದಳು, ತೋಟವನ್ನು ನೋಡಿದಳು, ಅಪ್ಪನನ್ನು ನೋಡಿದಳು.

"ಅಪ್ಪ, ನೂರ ಎಂಬತ್ತಮೂರಕ್ಕೆ ಮೂರು ಕೂಡಿಸಿದ್ರೆ ಎಷ್ಟು?"

"ನಂಗೆ ಲೆಕ್ಕ ಬರಲ್ಲ ಕಣಮ್ಮ" ಎಂದರು ಷಡಕ್ಷರಪ್ಪನವರು. ಅವಳು ಸಸಿಗಳ ನಡುವೆ ದಾರಿ ಮಾಡಿಕೊಂಡು ಒಳಗೆ ಹೋದಳು. ಮಗಳು ಬೈದಿದ್ದರೆ ಚೆನ್ನಾಗಿತ್ತು ಎಂದು ಅವರಿಗೆ ಅನ್ನಿಸಿತು. ಇಂದ್ರೇಶನ ಫೋನು ಬಂದರೆ ಅವಳು ಹಿತ್ತಲಿಗೆ ಹೋಗಿ ನಗುತ್ತಾ ಮಾತಾಡುತ್ತಿದ್ದಳು. ಆ ನಗು ತಮ್ಮ ಒಂದು ಮಾತಿನ ಮೇಲೆ ನಿಂತಿದೆ ಎಂದು ನೆನೆದು ಅವರು ಜಗಲಿಯಿಂದ ಎದ್ದು ಸಸಿಗಳಿಗೆ ನೀರು ಹಾಕಲು ಹೋಗುತ್ತಿದ್ದರು.

ಅತ್ತ ಶಿವಪ್ರಕಾಶ ಕಳಿಸಿದ ಅಂಕಿ ಬೆಂಗಳೂರಿನ ಒಂದು ಕಚೇರಿಯ ಕಂಪ್ಯೂಟರಿಗೆ ಹೋಗಿ ಕೂತಿತ್ತು. ಅಲ್ಲಿಯವರು ಗಾಳಿಗೆ ಮೊದಲು ಮತ್ತು ಗಾಳಿಯ ನಂತರ ಉಪಗ್ರಹ ತೆಗೆದ ಚಿತ್ರಗಳನ್ನು ಹೋಲಿಸಿ ಎಲ್ಲಿ ಎಷ್ಟು ನಷ್ಟ ಎಂದು ನೋಡುವವರು. ಬಂದ ವರದಿಯ ಪ್ರಕಾರ ಇಡೀ ಹೋಬಳಿಯಲ್ಲಿ ಏನೂ ಆಗಿಲ್ಲ, ಒಂದೇ ತೋಟದಲ್ಲಿ ನೂರ ಹದಿನೇಳು ಮರ ಹೋಗಿವೆ, ಬೇಲಿಯಾಚೆ ಎರಡು ತಗಡು ಮಾತ್ರ. ಇಷ್ಟು ಕರಾರುವಾಕ್ಕಾಗಿ ಒಂದೇ ಸರ್ವೆ ನಂಬರಿನೊಳಗೆ ಬೀಸಿದ ಗಾಳಿಯನ್ನು ಅವರು ಎಲ್ಲೂ ಕಂಡಿರಲಿಲ್ಲ. ಸ್ಥಳಕ್ಕೇ ಹೋಗಿ ಪರಿಶೀಲಿಸಿ ಬರಲು ಸಿಂಧು ಎಂಬ ತರುಣ ವಿಜ್ಞಾನಿಯನ್ನು ಕಳಿಸಿದರು.

ಸಿಂಧು ಬರುವ ದಿನ ಊರಿಗೆ ಊರೇ ಜಗಲಿಯ ಮುಂದೆ ಸೇರಿತ್ತು. 'ಬೀಗರ ಕಷ್ಟಕ್ಕೆ ಬೆಂಗಳೂರಿನಿಂದ ವಿಜ್ಞಾನಿಗಳು ಬರ್ತಾರಂತೆ' ಎಂದು ಕೇಳಿ ಗಂಗಾಧರಪ್ಪನವರು ಮಗ ಇಂದ್ರೇಶನನ್ನೂ ಕರೆದುಕೊಂಡು ಅರೇಹಳ್ಳಿಯಿಂದ ಬಂದಿದ್ದರು. ಜಗಲಿಯ ನಡುವಿನ ಕುರ್ಚಿಯಲ್ಲಿ ನಷ್ಟವಾದವರಿಗಿಂತ ಗಂಭೀರವಾಗಿ ಕೂತಿದ್ದರು. ಷಡಕ್ಷರಪ್ಪನವರು ಕಂಬ ಹಿಡಿದುಕೊಂಡು ನಿಂತಿದ್ದರು. ಕಂಬವೇ ಅವರನ್ನು ಹಿಡಿದುಕೊಂಡಿತ್ತು ಎಂದರೂ ನಡೆಯುತ್ತದೆ.

ಸಿಂಧು ಮೊದಲು ತೋಟವನ್ನೆಲ್ಲ ಓಡಾಡಿ ಬಂದಳು. ನೆಲ ಮುಟ್ಟಿ ನೋಡಿದಳು. ವಾಪಸು ಬರುವಾಗ ಅವಳ ಮುಖದಲ್ಲಿ ಸ್ವಲ್ಪ ಗೊಂದಲವಿತ್ತು. ಆಮೇಲೆ ಲ್ಯಾಪ್‌ಟಾಪನ್ನು ಜಗಲಿಯ ಮೇಲಿಟ್ಟು ಎಲ್ಲರಿಗೂ ಕಾಣುವಂತೆ ತಿರುಗಿಸಿದಳು.

"ಇದು ಗಾಳಿ ಬರೋಕೆ ಹತ್ತು ದಿನ ಮುಂಚೆ ತೆಗೆದ ಚಿತ್ರ. ಈ ಹಸಿರು ಚುಕ್ಕಿ ಒಂದೊಂದೂ ಒಂದೊಂದು ತೆಂಗಿನ ಮರ."

ಜನ ಬಗ್ಗಿ ನೋಡಿದರು. ಚನ್ನೇಶನಿಗೆ ತನ್ನ ಕೊಟ್ಟಿಗೆ ಕಾಣಿಸಿತು, ತಗಡಿನ ಸಮೇತ. ಅವನು ಕಳೆದುಹೋದ ಬಂಧುವನ್ನು ಕಂಡವನಂತೆ ಪರದೆ ಮುಟ್ಟಿದ.

"ಎಷ್ಟು ಚುಕ್ಕಿ ಇದಾವಮ್ಮ?" ಎಂದು ಗಂಗಾಧರಪ್ಪನವರು ಕೇಳಿದರು. ಲೆಕ್ಕದ ಮನುಷ್ಯ ಬೇರೇನು ಕೇಳಿಯಾರು.

"ನೂರ ಎಂಬತ್ತಾರು ಸರ್. ಗಾಳಿ ಆದ್ಮೇಲೆ ನೂರ ಎಂಬತ್ತಮೂರು. ಅಂದ್ರೆ ಬಿದ್ದಿರೋದು ಮೂರು."

 ಶಿವಪ್ರಕಾಶ ತನ್ನ ಫೋನನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡ.

ಚನ್ನೇಶ ಸಹಾಯಕ್ಕೆ ಬಂದ. "ಮೇಡಂ, ಉಳಿದ ಮರ ಆವತ್ತು ಮೋಡದ ಅಡೀಲಿ ಇದ್ವೇನೋ."

"ಆ ದಿನ ಮೋಡ ಇರಲಿಲ್ಲ ಸರ್. ಬೇಕಾದ್ರೆ ಹಳೇ ಚಿತ್ರಗಳೂ ಇದಾವೆ. ಹದಿನೈದು ವರ್ಷದ ಹಿಂದೆ ಇನ್ನೂರ ನಾಲ್ಕು ಇತ್ತು, ಆಮೇಲೆ ವರ್ಷಕ್ಕೆ ಒಂದೋ ಎರಡೋ ಕಡಿಮೆ ಆಗಿದೆ. ಮುನ್ನೂರು ನಮ್ಮ ಯಾವ ಚಿತ್ರದಲ್ಲೂ ಇಲ್ಲ."

ಈಗ ಎಲ್ಲರೂ ಷಡಕ್ಷರಪ್ಪನವರ ಕಡೆ ತಿರುಗಿದರು. ಅವರು ಕಂಬ ಬಿಟ್ಟರು.

"ಮುನ್ನೂರು ನಮ್ಮಜ್ಜ ನೆಟ್ಟಿದ್ದು" ಎಂದರು. "ನಾನು ಒಂದಿನಾನೂ ಎಣಿಸಿಲ್ಲ. ಎಣಿಸಿದ್ರೆ ಕಮ್ಮಿ ಐತೆ ಅಂತ ಗೊತ್ತಾಗಿಬಿಡ್ತದೆ, ಅದಕ್ಕೇ ಎಣಿಸ್ಲಿಲ್ಲ. ಗಾಳಿದು ತಪ್ಪಿಲ್ಲ. ಸುಳ್ಳು ಹೇಳಿದ್ದು ನಾನು. ಈ ಸಂಬಂಧ ತಪ್ಪೋಯ್ತದೇನೋ ಅಂತ ಹೆದರಿ ಹೇಳಿದೆ."

 ಹತ್ತು ದಿನದಿಂದ ಬಾಳೆಹಣ್ಣು ತಂದಿದ್ದ ನೆಂಟರು ಅದನ್ನು ವಾಪಸು ಕೇಳುವುದು ಸರಿಯೋ ತಪ್ಪೋ ಎಂಬಂತೆ ಒಬ್ಬರ ಮುಖ ಒಬ್ಬರು ನೋಡಿದರು. ಗಂಗಾಧರಪ್ಪನವರು ಕುರ್ಚಿಯಿಂದ ಎದ್ದು ಶಲ್ಯ ಕೊಡವಿದರು.

"ನೂರ ಹದಿನಾಲ್ಕು ಮರದ ಸುಳ್ಳು" ಎಂದರು. "ನಾನು ಕೈ ಬೇರೆ ಹಿಡ್ಕೊಂಡು ಪುಣ್ಯ ಅಂದೆ. ಎಣಿಕೇಲಿ ಹಿಂಗಿರೋರ ಹತ್ರ ಬೀಗತನ ಹೆಂಗೆ ಮಾಡೋದು. ಇಂದ್ರೇಶ, ನಡಿಯಪ್ಪ."

ಇಂದ್ರೇಶ ಏಳಲಿಲ್ಲ. ಅವನು ಶಿಲ್ಪಾಳ ಕಡೆ ನೋಡಿದ. ಶಿಲ್ಪಾ ಒಳಗಿನಿಂದ ಕಾಫಿಯ ತಟ್ಟೆ ಹಿಡಿದು ಬಂದವಳು, ಒಂದು ಲೋಟವನ್ನು ಸಿಂಧುವಿನ ಕೈಗೆ ಕೊಟ್ಟು, ಕ್ಲಾಸಿನಲ್ಲಿ ಪಾಠ ಕೇಳುವವಳ ಹಾಗೆ ಲ್ಯಾಪ್‌ಟಾಪಿನ ಮುಂದೆ ಕೂತಳು.

"ಮೇಡಂ, ಇದ್ರಲ್ಲಿ ಅರೇಹಳ್ಳಿ ಕಾಣುತ್ತಾ?"

"ಕಾಣುತ್ತಲ್ಲ. ಎಲ್ಲಾ ಊರೂ ಕಾಣುತ್ತೆ."

ಮೆಟ್ಟಿಲಿಗೆ ಕಾಲಿಟ್ಟಿದ್ದ ಗಂಗಾಧರಪ್ಪನವರು ನಿಂತರು.

"ಅಲ್ಲಿ ಯಾವಾಗಲೂ ಮೋಡ ಕಣಮ್ಮ" ಎಂದರು. "ನಮ್ಮ ಕಡೆ ಮಳೆ ಜಾಸ್ತಿ."

"ಪರವಾಗಿಲ್ಲ ಸರ್, ಮೋಡದ ಒಳಗಿಂದ ನೋಡೋ ರಾಡಾರ್ ಉಪಗ್ರಹನೂ ಇದೆ."

"ಕಾಫಿ ಗಿಡ ಮರದ ನೆರಳಲ್ಲಿ ಇರ್ತವೆ. ಮೇಲಿಂದ ಎಲ್ಲಿ ಕಾಣ್ತವೆ."

"ಗಿಡ ಕಾಣದಿದ್ರೂ ತೋಟದ ಗಡಿ ಗೊತ್ತಾಗುತ್ತೆ ಸರ್. ಸರ್ವೆ ನಂಬರ್ ಹೇಳಿ, ಎಷ್ಟು ಎಕರೆ ಅಂತ ಈಗಲೇ ತೋರಿಸ್ತೀನಿ." ಸಿಂಧುವಿಗೆ ಸಂಬಂಧದ ವಿಷಯ ಗೊತ್ತಿರಲಿಲ್ಲ. ತನ್ನ ವಿದ್ಯೆಯಲ್ಲಿ ಊರವರು ಆಸಕ್ತಿ ತೋರಿಸಿದ್ದು ಅವಳಿಗೆ ಖುಷಿಯಾಗಿತ್ತು.

ಇಂದ್ರೇಶ ನೆಲ ನೋಡುತ್ತಾ ಕೂತಿದ್ದ. ಅವನ ಭುಜ ಕುಲುಕುತ್ತಿತ್ತು, ನಗುವಿನಿಂದಲೇ ಇರಬೇಕು. ಗಂಗಾಧರಪ್ಪನವರು ಒಮ್ಮೆ ಲ್ಯಾಪ್‌ಟಾಪ್ ನೋಡಿದರು, ಒಮ್ಮೆ ಮುಂದೆ ಕೂತ ಹುಡುಗಿಯನ್ನು ನೋಡಿದರು. ಮೆಟ್ಟಿಲಿನಿಂದ ಕಾಲು ತೆಗೆದರು. ವಾಪಸು ಬಂದು ಕುರ್ಚಿಯಲ್ಲಿ ಕೂತು ತಟ್ಟೆಯಿಂದ ಒಂದು ಲೋಟ ಕಾಫಿ ತೆಗೆದುಕೊಂಡರು. ತಟ್ಟೆಯಲ್ಲಿ ಎಷ್ಟು ಲೋಟ ಇವೆ ಎಂದು ಅಂದು ಅವರು ಎಣಿಸಲಿಲ್ಲ.

"ಆ ಡಬ್ಬ ಮುಚ್ಚಮ್ಮ, ಬ್ಯಾಟರಿ ಖಾಲಿಯಾಗ್ತದೆ" ಎಂದರು ಸಿಂಧುವಿಗೆ. ಆಮೇಲೆ ಷಡಕ್ಷರಪ್ಪನವರ ಕಡೆ ತಿರುಗಿ, "ಮರ ಎಷ್ಟಿದ್ರೆ ಏನ್ರೀ, ಮನುಷ್ಯ ಎಲ್ಲರ ಮುಂದೆ ನಿಂತು ನಿಜ ಹೇಳಿದ್ನಲ್ಲ. ನಿಶ್ಚಿತಾರ್ಥ ಯಾವತ್ತು ಇಟ್ಕೊಳ್ಳೋಣ?" ಎಂದರು.

ಸಿಂಧು ತನ್ನ ವರದಿಯಲ್ಲಿ ಉಪಗ್ರಹದ ಎಣಿಕೆಯೂ ನೆಲದ ಎಣಿಕೆಯೂ ಒಂದು ಮರವೂ ವ್ಯತ್ಯಾಸವಿಲ್ಲದೆ ಹೊಂದುತ್ತವೆ ಎಂದು ಸಂತೋಷದಿಂದ ಬರೆದಳು. ಶಿವಪ್ರಕಾಶ ನೂರ ಹದಿನೇಳನ್ನು ಮೂರು ಮಾಡಿದ. ಅದಕ್ಕೆ ಅವನು ಕೊಟ್ಟ ವಿವರಣೆ 'ಇಲ್ಲ' ಎಂದು ಬರೆದಿದ್ದರೆ ಕೊಡಬೇಕಾಗಿದ್ದ ವಿವರಣೆಗಿಂತ ನಾಲ್ಕು ಪುಟ ಹೆಚ್ಚಾಯಿತು.

ಉಳಿದದ್ದು ಸಸಿಗಳ ವಿಷಯ. ಷಡಕ್ಷರಪ್ಪನವರು ಮಠಕ್ಕೆ ಹೋಗಿ ಸ್ವಾಮಿಗಳ ಮುಂದೆ ಎಲ್ಲವನ್ನೂ ಒಪ್ಪಿಕೊಂಡು, ಸಸಿ ವಾಪಸು ಕಳಿಸುತ್ತೇನೆ ಎಂದರು. 

"ನಿಮ್ಮಜ್ಜ ನೆಟ್ಟಿದ್ದು ಮುನ್ನೂರು ಅಲ್ಲವೇ?" ಎಂದರು ಸ್ವಾಮಿಗಳು.

"ಹೌದು ಬುದ್ಧಿ."

"ಈಗ ನಿಂತಿರೋದು ನೂರ ಎಂಬತ್ತಮೂರು. ಅಂದ ಮೇಲೆ ನೂರ ಹದಿನೇಳು ಬಿದ್ದದ್ದು ನಿಜವೇ. ನೀವು ದಿನ ಮಾತ್ರ ತಪ್ಪು ಹೇಳಿದ್ದೀರಿ. ಹೋಗಿ ಗುಂಡಿ ತೋಡಿ. ಆಳು ಬೇಡ, ನೀವೇ ತೋಡಿ."

ಷಡಕ್ಷರಪ್ಪನವರು ದಿನಕ್ಕೆ ಮೂರರಂತೆ ಮೂವತ್ತೊಂಬತ್ತು ದಿನ ಗುಂಡಿ ತೋಡಿದರು. ತಿಮ್ಮಯ್ಯ ಬದುವಿನ ಮೇಲೆ ಕೂತು ಎಣಿಸಿದ. ಕೊನೆಯ ಸಸಿ ನೆಟ್ಟ ದಿನ ಅವರು ಕೈಯ ಬೊಬ್ಬೆಗಳನ್ನು ಒರೆಸಿಕೊಳ್ಳುತ್ತಾ, ಹುಟ್ಟಿದಂದಿನಿಂದ ಮೊದಲ ಸಲ, ತೋಟವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಣಿಸಿದರು. ಎಣಿಸಿ ಮುಗಿದ ಮೇಲೆ ಅಲ್ಲೇ ಬದುವಿನ ಮೇಲೆ ಕೂತು ಸ್ವಲ್ಪ ಅತ್ತರು.

ಜೂನ್ ತಿಂಗಳಲ್ಲಿ ಅದೇ ತೋಟದಲ್ಲಿ ನಿಶ್ಚಿತಾರ್ಥ ನಡೆಯಿತು. ಚಪ್ಪರ ಹಾಕುವಾಗ ಗಂಗಾಧರಪ್ಪನವರು ಅರೇಹಳ್ಳಿಯಿಂದ ಎರಡು ಸಲ ಫೋನು ಮಾಡಿ ಗರಿ ಒತ್ತಾಗಿ ಹಾಕಿಸಿ ಎಂದು ಹೇಳಿದ್ದರು. ಬಿಸಿಲಿಗೆ ಇರಬೇಕೆಂದು ಷಡಕ್ಷರಪ್ಪನವರು ತಿಳಿದಿದ್ದರು. ಬೇಲೂರಿನ ಸೋದರತ್ತೆ ಎರಡೂ ಕಡೆಯ ನೆಂಟರ ಪರಿಚಯ ಮಾಡಿಸಿ ಎಂದಾಗ ಗಂಗಾಧರಪ್ಪನವರು ಮೊದಲು ಎದ್ದು ನಿಂತು ದೊಡ್ಡ ದನಿಯಲ್ಲಿ, "ಇವರು ನಮ್ಮ ಬೀಗರು, ಮುನ್ನೂರು ಮರದವರು" ಎಂದರು.

ಷಡಕ್ಷರಪ್ಪನವರಿಗೆ ಎದೆ ತುಂಬಿ ಬಂತು. ಈ ಸಲ ಅದು ಸುಳ್ಳಾಗಿರಲಿಲ್ಲ. ಅವರೂ ಎದ್ದು ಬೀಗರ ಕೈ ಹಿಡಿದು, "ಇವರು ಅರೇಹಳ್ಳಿಯ ಗಂಗಾಧರಪ್ಪನವರು. ಇಪ್ಪತ್ತು ಎಕರೆಯವರು" ಎಂದರು.

ಗಂಗಾಧರಪ್ಪನವರು ತಲೆಯೆತ್ತಿ ಮೇಲೆ ನೋಡಿದರು. ಗರಿಗಳ ನಡುವೆ ಆಕಾಶ ಎಲ್ಲೂ ಕಾಣುತ್ತಿರಲಿಲ್ಲ, ಆಕಾಶಕ್ಕೂ ಅವರು ಕಾಣುತ್ತಿರಲಿಲ್ಲ. ಅವರು ನಿರಾಳವಾಗಿ ಕೂತು ಚಕ್ಕುಲಿಗೆ ಕೈ ಹಾಕಿದರು.